ಸ್ಕ್ರೂಡ್ರೈವರಿಗೆ ಕಿವಿಗೊಟ್ಟವರು

ಹೊಟ್ಟೆಕಿಚ್ಚು ಪಡುವುದಕ್ಕೆ ಲೋಕದಲ್ಲಿ ಕಾರಣಗಳಿಗೇನೂ ಬರವಿಲ್ಲ. ಪಕ್ಕದ ಮನೆಯ ಮಹಡಿ, ಸಹೋದ್ಯೋಗಿಯ ಬಡ್ತಿ, ಷಡ್ಡಕನ ದಟ್ಟ ತಲೆಗೂದಲು, ಇವೆಲ್ಲ ಶಿಷ್ಟ ಸಮಾಜ ಒಪ್ಪಿಕೊಂಡಿರುವ ಕಾರಣಗಳು. ಇವುಗಳಲ್ಲಿ ಪ್ರತಿಯೊಂದರಲ್ಲೂ ನಾನು ಯಥಾಶಕ್ತಿ ಸಾಧನೆ ಮಾಡಿದ್ದೇನೆ. ಆದರೆ ಅರವತ್ತೆರಡನೆಯ ವಯಸ್ಸಿನಲ್ಲಿ, ಹಿಡಿಯ ಬಣ್ಣವೆಲ್ಲ ಮಾಸಿಹೋದ ಒಂದೂವರೆ ಅಡಿ ಉದ್ದದ ಸ್ಕ್ರೂಡ್ರೈವರೊಂದಕ್ಕಾಗಿ ಹತ್ತು ತಿಂಗಳ ಕಾಲ ಒಳಗೊಳಗೇ ಬೆಂದೆನೆಂದು ಹೇಳಿದರೆ ನೀವು ನಗುತ್ತೀರಿ. ನಗುವುದಕ್ಕೆ ಮೊದಲು ಪೂರ್ವಕಥೆಯನ್ನಿಷ್ಟು ಕೇಳಿ.

ನನ್ನಲ್ಲೊಂದು ಹಳೆಯ ಕಾರಿದೆ. ಬೂದು ಬಣ್ಣದ್ದು. ನಾನು ಮಾಲೂರಿನ ಕಾಲೇಜಿನಲ್ಲಿ ಛಂದಸ್ಸಿನ ಪಾಠ ಹೇಳುತ್ತಿದ್ದಷ್ಟು ಕಾಲವೂ ಕೋಲಾರದ ಮನೆಯಿಂದ ನನ್ನನ್ನು ಹೊತ್ತೊಯ್ದು, ಸಂಜೆ ಮತ್ತೆ ತಂದಿಳಿಸಿ, ಕಡೆಗೆ ನನ್ನ ಜೊತೆಯಲ್ಲೇ ಅದೂ ನಿವೃತ್ತವಾಯಿತು. ಅದಕ್ಕೆ ನೆಗಡಿಯಾದರೂ ಮುಳಬಾಗಿಲಿನ ನಜೀರ್ ಸಾಬರೇ ಗತಿ. ಕೋಲಾರದಲ್ಲಿ ಗ್ಯಾರೇಜುಗಳಿಲ್ಲವೆಂದಲ್ಲ, ಅಲ್ಲಿನವರು ಗಾಡಿಯನ್ನು ಕಂಡೊಡನೆ ‘ಮಾರಿಬಿಡಿ’ ಎನ್ನುತ್ತಾರೆ, ನಜೀರ್ ಸಾಬರು ‘ಬನ್ನಿ’ ಎನ್ನುತ್ತಾರೆ.

ಹಳೆಯ ಎಂಜಿನ್ನುಗಳಿಗೆಲ್ಲ ಬರುವ ವ್ಯಾಧಿಯೊಂದಿದೆ, ಟ್ಯಾಪೆಟ್ ಸದ್ದು. ಎಂಜಿನ್ನಿನೊಳಗೆ ಪೆಟ್ರೋಲಿನ ಆವಿಯನ್ನು ಒಳಬಿಟ್ಟು ಹೊಗೆಯನ್ನು ಹೊರದೂಡುವ ವಾಲ್ವುಗಳೆಂಬ ಪುಟ್ಟ ಬಾಗಿಲುಗಳಿವೆ. ಅವನ್ನು ಎತ್ತುವುದಕ್ಕೆ ಕ್ಯಾಮ್ ಎಂಬ ಉಬ್ಬುಗಳುಳ್ಳ ದಂಡವೊಂದು ಕೆಳಗೆ ಸುತ್ತುತ್ತಿರುತ್ತದೆ. ಇವುಗಳ ನಡುವೆ ಕೂದಲೆಳೆಯಷ್ಟು ಸಂದಿ ಇರಬೇಕು. ಸವೆದು ಸವೆದು ಆ ಸಂದಿ ದೊಡ್ಡದಾದರೆ ಟಕಟಕ ಸದ್ದು ಶುರುವಾಗುತ್ತದೆ, ಆಕ್ಸಿಲರೇಟರ್ ಒತ್ತಿದಷ್ಟೂ ಚುರುಕಾಗುತ್ತದೆ. ಇದಿಷ್ಟೂ ಗ್ಯಾರೇಜಿನ ಬೆಂಚಿನ ಮೇಲೆ ಕುಳಿತು ಸಂಪಾದಿಸಿದ ಜ್ಞಾನ, ಆದ್ದರಿಂದ ಪರೀಕ್ಷೆಗೆ ಓದಿಕೊಳ್ಳಬೇಡಿ.

ಯಾವ ವಾಲ್ವಿನದು ಆ ಸದ್ದು ಎಂದು ಪತ್ತೆ ಹಚ್ಚುವುದರಲ್ಲೇ ಸಾಬರ ಖ್ಯಾತಿ. ಓಡುತ್ತಿರುವ ಎಂಜಿನ್ನಿನ ಮೇಲೆ ಸ್ಕ್ರೂಡ್ರೈವರಿನ ತುದಿಯೂರಿ, ಹಿಡಿಯನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚಿ, ಒಂದೊಂದೇ ಅಂಗುಲ ಸರಿಸುತ್ತ ಹೋಗುತ್ತಾರೆ. ಆ ಹೊತ್ತಿನಲ್ಲಿ ಯಾರೂ ಮಾತಾಡುವಂತಿಲ್ಲ. ಇಪ್ಪತ್ತು ವರ್ಷಗಳಿಂದ ನನಗೆ ಅವರು ಹೇಳುತ್ತ ಬಂದಿರುವುದು ಒಂದೇ ಮಾತು: “ನೀವು ಕೂತ್ಕೊಳ್ಳಿ ಸಾರ್, ಟೀ ಕುಡೀರಿ.”

ಕುಡಿಯುತ್ತಿದ್ದೆ. ಸುಖವಾಗಿಯೇ ಇದ್ದೆ. ಹೀಗಿರಲು ಒಂದು ದಿನ ಶ್ರೀನಿವಾಸಪುರದ ಕಡೆಯಿಂದ ಮಾವಿನ ತೋಟದ ವೆಂಕಟರವಣಪ್ಪ ಎಂಬುವರು ಬಂದರು. ಅದೇ ಮಾದರಿಯ ಕಾರು, ಅದೇ ಬೂದು ಬಣ್ಣ. ಮೊದಲ ಸಲ ಬಂದವರು. ಸಾಬರು ಅವರ ಎಂಜಿನ್ನಿಗೆ ಕಿವಿಗೊಟ್ಟು, ಒಂದು ಕಡೆ ನಿಂತು, ಮತ್ತೊಮ್ಮೆ ಅಲ್ಲಿಗೇ ಬಂದು, ಆಮೇಲೆ ಆ ಸ್ಕ್ರೂಡ್ರೈವರನ್ನು ನೇರವಾಗಿ ಆ ಮನುಷ್ಯನ ಕೈಗೇ ಕೊಟ್ಟು “ನೀವೇ ಕೇಳಿ ನೋಡಿ” ಎಂದುಬಿಟ್ಟರು!

ನನ್ನ ಬಾಯಿಯೊಳಗಿನ ಟೀ ಅಲ್ಲಿಯೇ ತಣ್ಣಗಾಯಿತು. ಮೂವತ್ತು ವರ್ಷ ಲಘು ಗುರುಗಳನ್ನು ಎಣಿಸಿದ ಕಿವಿ ನನ್ನದು. ಕಡೆಯ ಬೆಂಚಿನ ವಿದ್ಯಾರ್ಥಿ ಓದುವಾಗ ಒಂದು ಮಾತ್ರೆ ನುಂಗಿದರೂ ಹಿಡಿದು ನಿಲ್ಲಿಸುತ್ತಿದ್ದೆ. ಅಂಥವನನ್ನು ಬೆಂಚಿನ ಮೇಲೆ ಕೂರಿಸಿ, ಮಾವಿನಕಾಯಿ ಎಣಿಸುವವರಿಗೆ ಶ್ರವಣದೀಕ್ಷೆ! ಅಸೂಯೆಯೆಂದರೆ ಅಸೂಯೆಯೇ, ಅದಕ್ಕೆ ಬೇರೆ ಹೆಸರಿಡುವುದಿಲ್ಲ.

ಅಂದಿನಿಂದ ನನ್ನ ಪಾಡು ಕೇಳಬೇಡಿ. ಇಲ್ಲದ ಸದ್ದನ್ನು ಇದೆಯೆಂದು ಹೇಳಿಕೊಂಡು ತಿಂಗಳಿಗೆರಡು ಬಾರಿ ಮುಳಬಾಗಿಲಿಗೆ ಹೋದೆ. ದಾರಿಯಲ್ಲಿ ಸಿಗುವ ದೇವರಾಯಸಮುದ್ರ ದಾಟುವಷ್ಟರಲ್ಲಿ ನಿಜವಾಗಿಯೂ ಏನಾದರೂ ಕೆಟ್ಟುಹೋಗಲೆಂದು ಹಾರೈಸಿದ್ದೂ ಉಂಟು. ಸಾಬರು ಕೇಳಿ, ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ಸಂದಿಯಲ್ಲಿ ತೂರಿಸಿ ಅಳೆದು, “ಏನೂ ಇಲ್ಲ ಸಾರ್, ಗ್ಯಾಪ್ ಸ್ವಲ್ಪ ಜಾಸ್ತಿ ಆಗಿತ್ತು, ಸೆಟ್ ಮಾಡಿದೀನಿ. ಹೋಗ್ಬನ್ನಿ” ಎನ್ನುತ್ತಿದ್ದರು. ಆರೋಗ್ಯವಂತ ಕಾರನ್ನೂ ಹುಳ್ಳಗಾದ ಮುಖವನ್ನೂ ಹೊತ್ತು ಹಿಂದಿರುಗುತ್ತಿದ್ದೆ. ಮನೆಯಲ್ಲಿ ಹೊಲಿಗೆ ಯಂತ್ರದ ಪುಟ್ಟ ಸ್ಕ್ರೂಡ್ರೈವರಿನಿಂದ ಸ್ವಯಂಪ್ರಯೋಗಕ್ಕೆ ಇಳಿದಾಗ ಮೂಗು ಬಿಸಿಯಾದದ್ದು ಬಿಟ್ಟರೆ ಇನ್ನೇನೂ ಕೇಳಿಸಲಿಲ್ಲ. ನನ್ನಾಕೆ ಬಾಗಿಲಲ್ಲಿ ನಿಂತು, “ಏನ್ರೀ ಇದು, ಕಾರಿಗೆ ಮುತ್ತು ಕೊಡ್ತಿದ್ದೀರಾ?” ಎಂದಳು.

ಈಚೆಗೆ ಕೋಲಾರದಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೇ ವೆಂಕಟರವಣಪ್ಪನವರು ಬಂದು ಕುಳಿತರು. ಕಾರು ಹೇಗಿದೆ ಎಂದು ವಿಚಾರಿಸಿದೆ. ಕೆಟ್ಟಿದೆ ಎಂದಾರೆಂಬ ಆಸೆಯಿಂದಲೇ ವಿಚಾರಿಸಿದೆ, ಅದನ್ನೂ ಮುಚ್ಚಿಡುವುದಿಲ್ಲ.

“ಕಾರೆಲ್ಲಿದೆ ಸಾರ್?” ಎಂದರು ಅವರು. “ಆವತ್ತೇ ಮುಗಿದೋಯ್ತು, ಅಷ್ಟೇ. ಕ್ಯಾಮ್ ಸವೆದು ಗುಂಡಗಾಗಿತ್ತು. ಹೊಸದು ಎಲ್ಲೂ ಸಿಗ್ಲಿಲ್ಲ. ಗುಜರಿಗೆ ಕೊಟ್ಟೆ.”

ಆವತ್ತು ಸಾಬರು ಹಾಗೆ ಹೇಳಿದ್ದು ನನಗೆ ಕೇಳಿಸಲಿಲ್ಲವಲ್ಲ ಎಂದೆ.

“ಅವರು ಬಾಯಲ್ಲಿ ಹೇಳಲ್ಲ ಸಾರ್. ನಿಮ್ಮ ಗಾಡಿ ಕಥೆ ಮುಗೀತು ಅಂದ್ರೆ ಯಾರು ನಂಬ್ತಾರೆ? ಅದಕ್ಕೇ ಕೈಗೆ ಕೊಟ್ಟು ಕೇಳಿ ಅಂತಾರೆ. ನಮ್ಮ ಕಿವೀಲಿ ನಾವೇ ಕೇಳಿದ್ಮೇಲೆ ಇನ್ನೇನ್ ಜಗಳ ಆಡೋದು? ನೀವು ಆ ಬೆಂಚ್ ಮೇಲೆ ಆರಾಮಾಗಿ ಟೀ ಕುಡೀತಾ ಕೂತಿದ್ರಲ್ಲ, ನಿಮ್ಮನ್ನ ನೋಡಿ ಎಷ್ಟ್ ಹೊಟ್ಟೆ ಉರೀತು ಗೊತ್ತಾ ನಂಗೆ!”

ಎಲೆಯ ಮೇಲಿನ ಒಬ್ಬಟ್ಟು ಹಾಗೆಯೇ ಉಳಿಯಿತು. ಹತ್ತು ತಿಂಗಳು ಒಬ್ಬರು ನನ್ನನ್ನು ಕಂಡು ಕರುಬುತ್ತಿದ್ದರೆಂಬ ಅಪೂರ್ವ ಸಂಗತಿ ನನಗೆ ಆಗಲೇ ತಿಳಿದಿದ್ದರೆ ಎಷ್ಟು ಸುಖವಾಗಿ ಕಳೆಯಬಹುದಿತ್ತು! ಅದನ್ನೂ ಪೋಲು ಮಾಡಿಕೊಂಡೆ.

ಸದ್ದು ಇಲ್ಲದಾಗ ಸದ್ದಿದೆಯೆಂದು ಕೂಗಿದವನಿಗೆ, ಆ ಮದುವೆಯಾದ ಹದಿನೈದೇ ದಿನದಲ್ಲಿ, ಹಿಂದಿನ ಸಲವಷ್ಟೇ ಸಾಬರು ಗ್ಯಾಪ್ ಸರಿಮಾಡಿ ಕಳಿಸಿದ್ದರೂ, ನಿಜವಾದ ಸದ್ದು ಬಂತು. ಸರಿಮಾಡಿದ ಸಂದಿ ಇಷ್ಟು ಬೇಗ ಮತ್ತೆ ಬಿಟ್ಟುಕೊಂಡರೆ ತಪ್ಪು ಸಂದಿಯದಲ್ಲ, ಒಳಗೆ ಕ್ಯಾಮ್ ಸವೆಯುತ್ತಿದೆ ಎಂಬಷ್ಟು ವಿದ್ಯೆ ಬೆಂಚಿನಿಂದ ನನಗೆ ಬಂದಿತ್ತು. ಎರಡು ದಿನ ಕೇಳಿಸದವನಂತೆ ಇದ್ದೆ. ಮೂರನೆಯ ದಿನ ಮುಳಬಾಗಿಲಿಗೆ ಹೊರಟೆ. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ, ಸಾಬರು ನನ್ನನ್ನು ಬೆಂಚಿನ ಮೇಲೆ ಕೂರಿಸಲಿ, ಟೀ ಕುಡಿಯೆನ್ನಲಿ.

ಸಾಬರು ಕೂರೆನ್ನಲಿಲ್ಲ. ಉಕ್ಕಿನ ಪಟ್ಟಿಯಿಂದ ಅಳೆದರು, ಸರಿಮಾಡಿದರು, ಎಂಜಿನ್ ಓಡಿಸಿ ಕಿವಿಗೊಟ್ಟರು. ಮೂರನೆಯ ವಾಲ್ವಿನ ಮೇಲೆ ನಿಂತರು. ದಾಟಿ ಹೋಗಿ ಮತ್ತೆ ಅಲ್ಲಿಗೇ ಬಂದರು. ಆಮೇಲೆ ಹೆಗಲ ಮೇಲಿನ ಬಟ್ಟೆಯಿಂದ ಹಿಡಿಯನ್ನು ಚೆನ್ನಾಗಿ ಒರೆಸಿ ನನ್ನ ಕಡೆಗೆ ಚಾಚಿದರು.

“ಸಾರ್,” ಎಂದರು. ಅಷ್ಟೇ.

ತೆಗೆದುಕೊಂಡೆ. ಎಂಟು ವಾಲ್ವುಗಳ ಸಮನಾದ ಲಯದ ನಡುವೆ ಒಂದು ಮಾತ್ರ ಪ್ರತಿ ಸುತ್ತಿಗೂ ತುಸು ತಡವಾಗಿ, ಗಟ್ಟಿಯಾಗಿ ಬಡಿಯುತ್ತಿತ್ತು. ಕೇಳಲು ಛಂದಸ್ಸಿನ ಕಿವಿಯೇನೂ ಬೇಕಿರಲಿಲ್ಲ, ಯಾರಿಗಾದರೂ ಕೇಳಿಸುವಂತಿತ್ತು.

“ಕೇಳಿಸ್ತಾ?” ಎಂದರು ಸಾಬರು.

“ಕೇಳಿಸ್ತು ಸಾಬ್ರೇ.”

ಅಳು ಬಂತು. ಮಡ್ಗಾರ್ಡಿನ ಮೇಲೆ ಕೈಯೂರಿಕೊಂಡೆ. ಆದರೆ ನಿಮ್ಮ ಹತ್ತಿರ ಸುಳ್ಳೇಕೆ ಹೇಳಲಿ, ಕಣ್ಣು ಒರೆಸಿಕೊಳ್ಳುತ್ತಿರುವಾಗಲೇ ಮನಸ್ಸು ಇನ್ನೊಂದನ್ನು ನೆನಪಿಸಿಕೊಳ್ಳುತ್ತಿತ್ತು: ಆ ದಿನ ವೆಂಕಟರವಣಪ್ಪನವರಿಗೆ ಕೊಡುವಾಗ ಸಾಬರು ಹಿಡಿಯನ್ನು ಒರೆಸಿ ಕೊಟ್ಟಿದ್ದರೇ?

ಇಲ್ಲ. ಒರೆಸಿರಲಿಲ್ಲ. ನನಗೆ ಚೆನ್ನಾಗಿ ನೆನಪಿದೆ.