ಉಸೇನಮ್ಮ ತೊಳೆದ ಪೀರು

ಕೋವಿಡ್‌ನ ಎರಡನೆಯ ಅಲೆ ಇಳಿದ ಮರುವರ್ಷ ನಾನು ಒಂದು ವಸ್ತುಸಂಗ್ರಹಾಲಯದ ರಾಸಾಯನಿಕ ಸಂರಕ್ಷಣಾ ಶಾಖೆಯಲ್ಲಿ ಕೆಲಸದಲ್ಲಿದ್ದೆ. ನಿವೃತ್ತಿ ಹತ್ತಿರವಾಗಿತ್ತು. ಹಳೆಯ ವಿಗ್ರಹ, ನಾಣ್ಯ, ಕತ್ತಿಗಳನ್ನು ಪಳಪಳ ಹೊಳೆಯುವಂತೆ ಮಾಡುವುದೇ ನಮ್ಮ ಕೆಲಸ ಎಂದು ಜನ ತಿಳಿದಿದ್ದಾರೆ. ನಾವು ಮಾಡುವುದು ಹೆಚ್ಚುಕಡಿಮೆ ಅದರ ತಿರುಗಾಮುರುಗಾ. ಹೊಳಪು ಹಾಳಾಗಿ ಹೋಗಲಿ, ಲೋಹ ಉಳಿದರೆ ಸಾಕು ಅನ್ನುವ ಜಾತಿ ನಮ್ಮದು. ಮನೆಯಲ್ಲಿ ಹೆಂಡತಿ ತಾಮ್ರದ ಚೊಂಬು ಉಜ್ಜಲು ಕೂತರೆ ನಾನು ಮುಖ ಸಿಂಡರಿಸುತ್ತಿದ್ದೆ. "ನಿಮ್ಮ ಮ್ಯೂಸಿಯಮ್ಮು ಆಫೀಸಿನಲ್ಲೇ ಇರಲಿ" ಎಂದು ಆಕೆ ಗದರುತ್ತಿದ್ದಳು.

ಆ ಬೇಸಿಗೆಯಲ್ಲಿ ಚಳ್ಳಕೆರೆಯಿಂದ ಖಾಸಿಂ ಸಾಬರು ಎಂಬುವರು ನನ್ನನ್ನು ಹುಡುಕಿಕೊಂಡು ಬಂದರು. ಟ್ರ್ಯಾಕ್ಟರ್, ಪಂಪ್‌ಸೆಟ್ ರಿಪೇರಿಯ ಮೆಕ್ಯಾನಿಕ್. ಉಗುರಿನ ಸಂದಿಯ ಗ್ರೀಸು ಎಷ್ಟು ತೊಳೆದರೂ ಹೋಗದ ಕೈ. ಅವರ ಮನೆತನ ಮೊಳಕಾಲ್ಮೂರಿನ ಕಡೆ, ಸಿದ್ದಾಪುರದ ಆಚೆ ಬಂಡೆಗುಡ್ಡಗಳ ನಡುವಿನ ಒಂದು ಊರಿಗೆ ಮುಜಾವರರು. ಅಂದರೆ ಮೊಹರಮ್ಮಿನಲ್ಲಿ ಹೋಗಿ ಫಾತೆಹಾ ಪ್ರಾರ್ಥನೆ ಓದಿ ಪೀರು ಎಬ್ಬಿಸುವವರು. ಆ ಊರಿನಲ್ಲಿ ಮುಸ್ಲಿಮರ ಮನೆ ಒಂದೂ ಇಲ್ಲ. ಹಬ್ಬ ಮಾಡುವವರೆಲ್ಲ ಕೂಲಿ ಮಾಡುವ, ಕುರಿ ಕಾಯುವ ಹಿಂದೂ ಮನೆಯವರು. ಅವರಿಗೆ ಅದು ಬಾಬಯ್ಯನ ಹಬ್ಬ.

ಪೀರು ಎಂದರೆ ಉದ್ದ ಕೋಲಿನ ತುದಿಗೆ ಕೂರಿಸುವ ಅಂಗೈ ಆಕಾರದ ಲೋಹದ ಪಂಜ. ಅದನ್ನು ಎತ್ತಿ ಮೆರೆಸುವುದೇ ಪೀರು ಎಬ್ಬಿಸುವುದು. ಆ ಊರಿನದು ಬಹಳ ಹಳೆಯದು. ಕೋವಿಡ್‌ನಿಂದಾಗಿ ಹಬ್ಬ ನಿಂತಿತ್ತು. ಈಗ ಪೆಟ್ಟಿಗೆ ತೆರೆದರೆ ಪಂಜದ ಮೈಮೇಲೆ ಹಸಿರು ಪುಡಿ, ಕತ್ತಿನ ಹತ್ತಿರ ಸೀಳು.

"ನೀವೇ ವೆಲ್ಡಿಂಗ್ ಮಾಡುವವರಲ್ಲವೇ?" ಎಂದೆ, ತಮಾಷೆಗೆ.

"ಊರಿನ ಟ್ರ್ಯಾಕ್ಟರ್‌ಗೆಲ್ಲಾ ಹಚ್ತೀನಿ ಸಾರ್. ಇದಕ್ಕೆ ಬೆಂಕಿ ಹಿಡಿಯೋಕೆ ಕೈ ಬರ್ಲಿಲ್ಲ" ಎಂದರು. ಈ ವರ್ಷದ ಹಬ್ಬಕ್ಕೆ ಪೀರು ಏಳುತ್ತದೋ ಇಲ್ಲವೋ ಎಂಬುದಷ್ಟೇ ಅವರ ಚಿಂತೆ.

ಮುಂದಿನ ವಾರ ಇಬ್ಬರೂ ಜೀಪಿನಲ್ಲಿ ಆ ಊರಿಗೆ ಹೋದೆವು. ಬಾಬಯ್ಯನ ಗುಡಿ ಎಂದರೆ ಸುಣ್ಣ ಬಳಿದ ಒಂದೇ ಕೋಣೆ, ಎದುರಿಗೆ ಬೆಂಕಿ ಹಾಕುವ ಅಲಾಯಿ ಕುಣಿ. ಪಂಜವನ್ನು ಬಿಸಿಲಿಗೆ ತಂದು ನೋಡಿದೆ. ಎರಡು ಪಕ್ಕದಲ್ಲೂ ಬಾಯಿ ತೆರೆದ ಮಕರಗಳು, ನಮ್ಮ ದೇವಸ್ಥಾನದ ತೋರಣಗಳಲ್ಲಿ ಕಾಣುವಂಥವೇ. ನಡುವೆ ಅಂಗೈ. ಅಂಗೈ ತುಂಬ ಒಂದು ಕಾಲಕ್ಕೆ ಪಾರಸಿ ಅಕ್ಷರಗಳಿದ್ದ ಗುರುತು. ಬಿಜಾಪುರದ ಸುಲ್ತಾನರಲ್ಲಿ ಕೆಲವರು ಮೊಹರಮ್ಮನ್ನು ದೊಡ್ಡದಾಗಿ ನಡೆಸಿದವರು. ಪಂಜಗಳನ್ನು ಮಾಡಿಸಿ ಊರೂರಿಗೆ ಕೊಟ್ಟವರು. ಅವರ ದಂಡು ಸಿರಾ ಸೀಮೆಗೆ ಬಂದಾಗ ಇದೂ ಇತ್ತ ಬಂದಿರಬೇಕು. ಎರಕ ಹೊಯ್ದವನು ಮಾತ್ರ ಇಲ್ಲಿಯವನೇ. ಆ ಮಕರದ ಮೂತಿಯನ್ನು ಹೊರಗಿನವನು ಮಾಡಲಾರ. ಸುಲ್ತಾನರ ರಾಜ್ಯ ಹೋಯಿತು, ಅರಮನೆ ಬಿತ್ತು. ಈ ಕಲ್ಲುಗುಡ್ಡದ ಊರಿನಲ್ಲಿ ಮಾತ್ರ ಇಂದಿಗೂ ಮಕ್ಕಳಿಗೆ ಫಕ್ಕೀರಪ್ಪ, ಉಸೇನಮ್ಮ ಎಂದು ಹೆಸರಿಡುತ್ತಾರೆ. ಯಾವ ಶಾಸನವೂ ಇಷ್ಟು ಬಾಳಿಕೆ ಬಂದಿಲ್ಲ.

ಆದರೆ ಅಂಗೈಯ ಮೇಲೆ ಒಂದು ಅಕ್ಷರವೂ ಓದಲು ಬರುವಂತಿರಲಿಲ್ಲ. ಎಲ್ಲ ಸವೆದಿತ್ತು. ಉಳಿದದ್ದನ್ನು ತಿಳಿಹಸಿರು ಪುಡಿ ತಿನ್ನುತ್ತಿತ್ತು. ಇದಕ್ಕೆ ನಮ್ಮಲ್ಲಿ ಬ್ರಾಂಜ್ ಡಿಸೀಸ್ ಎನ್ನುತ್ತಾರೆ. ಉಪ್ಪಿನ ಅಂಶ ತಾಮ್ರದ ಒಳಗೆ ಸೇರಿಬಿಟ್ಟರೆ, ಗಾಳಿಯ ತೇವ ಸಿಕ್ಕಾಗಲೆಲ್ಲ ಲೋಹವನ್ನು ಒಳಗಿನಿಂದಲೇ ಪುಡಿ ಮಾಡುತ್ತ ಹೋಗುತ್ತದೆ.

ಆಗ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಬಂದು ಗುಡಿಯ ಮೆಟ್ಟಿಲ ಕೆಳಗೆ ನಿಂತರು. "ಇವರೇ ಉಸೇನವ್ವ ಸಾರ್. ಪೀರು ತೊಳೆಯೋ ಮನೆಯವರು" ಎಂದರು ಖಾಸಿಂ ಸಾಬರು. ಆ ಹಕ್ಕು ತಲೆತಲಾಂತರದಿಂದ ಅವರ ಮನೆಯದು. ಹಬ್ಬದ ಮೊದಲ ದಿನ ಬಾವಿಯ ಹತ್ತಿರ ಕೂತು, ಪಂಜವನ್ನು ಮಡಿಲಲ್ಲಿಟ್ಟುಕೊಂಡು ತೊಳೆದು ಕೊಡಬೇಕು, ಸಂಜೆ ಗುಡಿಯಲ್ಲಿ ಫಾತೆಹಾ ಆದ ಮೇಲೆ ಅದರ ಕತ್ತಿಗೆ ಎಣ್ಣೆ ಬಿಡಬೇಕು. ಅವರ ಅತ್ತೆ ಮಾಡಿದ್ದು, ಅತ್ತೆಯ ಅತ್ತೆ ಮಾಡಿದ್ದು.

"ಏನು ರೋಗ ಬಂದೈತೆ ಸಾಮಿ ನಮ್ಮ ಬಾಬಯ್ಯಗೆ?" ಎಂದು ಕೇಳಿದರು.

ನಾನು ಉತ್ತರ ಕೊಡುವ ಬದಲು, "ಯಾವುದರಿಂದ ತೊಳೀತೀರಿ ತಾಯಿ?" ಎಂದೆ.

"ಹುಣಸೆಹಣ್ಣು, ಕಲ್ಲುಪ್ಪು. ಇನ್ನೇನು? ಬಂಗಾರ ಆದಂಗೆ ಆಗ್ತಾನೆ. ನನ್ನಂಗೆ ಉಜ್ಜೋಳು ಈ ಸೀಮ್ಯಾಗೇ ಇಲ್ಲ" ಎಂದು ನಕ್ಕರು. ಬಾಯಿತುಂಬ ಎಲೆಅಡಿಕೆ, ಕಣ್ಣುತುಂಬ ಹೆಮ್ಮೆ.

ನನ್ನ ಮುಖದಲ್ಲಿ ಏನು ಕಂಡಿತೋ, ನಗು ನಿಂತಿತು. "ಯಾಕ್ ಸಾಮಿ? ಹೇಳ್ರಿ" ಎಂದು ಪಟ್ಟು ಹಿಡಿದರು. ಮುಂದಿನ ಹಬ್ಬದಲ್ಲೂ ಹಾಗೆಯೇ ತೊಳೆದರೆ ಪಂಜ ಉಳಿಯುವುದಿಲ್ಲ, ಹಾಗಾಗಿ ಹೇಳದೆ ವಿಧಿಯಿರಲಿಲ್ಲ. ಆದಷ್ಟು ಮೆದುವಾಗಿ ಹೇಳಿದೆ. ಹುಳಿ ಅಕ್ಷರವನ್ನು ಸವೆಸಿದೆ, ಉಪ್ಪು ಒಳಗೆ ಸೇರಿದೆ, ನಿಮ್ಮ ಒಬ್ಬರ ಕೈಯಿಂದ ಆದದ್ದಲ್ಲ, ತಲೆಮಾರುಗಳಿಂದ ಆದದ್ದು ಎಂದೆ. ಕೊನೆಯ ಮಾತು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ತಮ್ಮ ಎರಡು ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ಹೇಳಿದರು: "ಹಂಗಾದ್ರೆ ನಾನೇ ತಿಂದೆ ನನ್ನ ದೇವರ ಮೈಯ. ಅದಕ್ಕೇ ಅವನು ನನ್ನ ಮಗನ್ನ ತಗಂಡ."

ಅವರ ಮಗ ಫಕ್ಕೀರಪ್ಪ ಪೀರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವನು. ಖಾಸಿಂ ಸಾಬರ ಗ್ಯಾರೇಜಿನಲ್ಲೇ ಕೆಲಸ ಕಲಿತು ಲಾರಿ ಓಡಿಸುತ್ತಿದ್ದ. ಹೆದ್ದಾರಿಯ ಅಪಘಾತದಲ್ಲಿ ತೀರಿಕೊಂಡಿದ್ದ. ಇದು ನನಗೆ ಆಮೇಲೆ ತಿಳಿಯಿತು.

"ಅವ್ವಾ, ಅದಕ್ಕೂ ಇದಕ್ಕೂ ಏನೈತೆ? ಲಾರಿ ಬ್ರೇಕ್ ಹೋಗಿತ್ತು, ನಾನೇ ನೋಡೀನಿ" ಎಂದರು ಖಾಸಿಂ ಸಾಬರು. ಆಕೆ ಆಗಲೇ ಬೆನ್ನು ತಿರುಗಿಸಿದ್ದರು. ಪಂಜವನ್ನು ಜೀಪಿಗೆ ಏರಿಸುವಾಗ ಊರೆಲ್ಲ ಬಂದಿತ್ತು, ಅವರು ಬರಲಿಲ್ಲ.

ನಮ್ಮ ಪ್ರಯೋಗಾಲಯದಲ್ಲಿ ಕೆಲಸ ಶುರುವಾಯಿತು. ಮೊದಲು ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿ ಉಪ್ಪು ತೆಗೆಯಬೇಕು, ಆಮೇಲೆ ಬೆಂಜೊಟ್ರಯಜೋಲ್ ಎಂಬ ರಾಸಾಯನಿಕದಲ್ಲಿ ಅದ್ದಿ ಹೊಸ ತುಕ್ಕನ್ನು ತಡೆಯಬೇಕು. ಆದರೆ ಪಂಜದ ಕತ್ತಿಗೆ ಒಂದು ಬಟ್ಟೆ ಸುತ್ತಿತ್ತು. ಹಬ್ಬದಲ್ಲಿ ಜನ ಹರಕೆಗೆಂದು ಕಟ್ಟುವ ಬಣ್ಣದ ಬಟ್ಟೆಗಳನ್ನು ಮುಗಿದ ಮೇಲೆ ಬಿಚ್ಚುತ್ತಾರೆ. ಎಲ್ಲಕ್ಕಿಂತ ಒಳಗಿನದನ್ನು ಮಾತ್ರ ಯಾರೂ ಬಿಚ್ಚುವಂತಿಲ್ಲ. ಹರಳೆಣ್ಣೆ ಕುಡಿದು ಕುಡಿದು ಕಪ್ಪಗೆ ತೊಗಲಿನಂತಾಗಿತ್ತು. ಬಿಚ್ಚದೆ ಸೀಳನ್ನು ಸರಿಪಡಿಸುವುದು ಸಾಧ್ಯವಿರಲಿಲ್ಲ.

ಖಾಸಿಂ ಸಾಬರಿಗೆ ಫೋನು ಮಾಡಿದೆ. "ಆ ಗಂಟಿಗೆ ಕೈ ಹಚ್ಚೋ ಹಕ್ಕು ಉಸೇನವ್ವನ ಮನೇದು ಸಾರ್. ಕರ್ಕೊಂಡು ಬರ್ತೀನಿ" ಎಂದರು. ಎರಡು ದಿನ ಬಿಟ್ಟು ಅವರೇ ಫೋನು ಮಾಡಿದರು. "ಬರಲ್ಲ ಅಂತಾರೆ ಸಾರ್. ನಾನಿನ್ನ ಮುಟ್ಟಾಕಿಲ್ಲ, ಓದಿದೋರು ಅವರೇ ಬಿಚ್ಲಿ ಅಂದ್ರು." ಫೋನು ಇಡುವ ಮೊದಲು ಹೇಳಿದರು: "ಮನ್ಯಾಗೆ ಸಾರಿಗೂ ಹುಣಸೆಹಣ್ಣು ಹಾಕ್ತಿಲ್ವಂತೆ. ಊಟನೇ ಸರಿಯಾಗಿ ಮಾಡ್ತಿಲ್ಲ."

ಬಟ್ಟೆ ಬಿಡಿಸಲು ಮೂರು ದಿನ ಹಿಡಿಯಿತು. ಮೊಳಕಾಲ್ಮೂರಿನ ಕೈಮಗ್ಗದ್ದೇ ಇರಬೇಕು ಅನ್ನಿಸುವಂಥ ರೇಷ್ಮೆ, ಒಂದರ ಮೇಲೊಂದು ಸುತ್ತು. ಕೊನೆಯ ಸುತ್ತು ಕಳಚಿದಾಗ ಕೆಳಗೆ ಲೋಹ ನಿನ್ನೆ ಎರಕ ಹೊಯ್ದಂತೆ ಇತ್ತು. ಸೀಳು ಬಿಟ್ಟರೆ ಒಂದು ಚುಕ್ಕೆ ಹಸಿರಿಲ್ಲ. ಕತ್ತಿನ ಸುತ್ತ ಎರಡು ಸಾಲು ಅಕ್ಷರ ಸ್ಪಷ್ಟವಾಗಿ ನಿಂತಿತ್ತು.

ಕಾರಣ ಕಣ್ಣೆದುರಿಗೇ ಇತ್ತು. ತೊಳೆದ ಮೇಲೆ ಕತ್ತಿಗೆ ಎಣ್ಣೆ ಬಿಡಬೇಕು ಎಂಬುದೂ ಅದೇ ಮನೆಯ ಪದ್ಧತಿ. ಆ ಎಣ್ಣೆ ರೇಷ್ಮೆಗೆ ಇಳಿದು, ನೀರೂ ಉಪ್ಪೂ ಒಳಗೆ ಹೋಗದಂತೆ ತಡೆದಿತ್ತು. ಅಂಗೈಯನ್ನು ಸವೆಸಿದ್ದೂ ಆ ಹೆಂಗಸರ ಕೈ, ಕತ್ತನ್ನು ಕಾಪಾಡಿದ್ದೂ ಅದೇ ಕೈ. ಇಷ್ಟು ವರ್ಷ ಕತ್ತಿನಲ್ಲಿ ಕಸುವಿತ್ತು, ಹಾಗಾಗಿಯೇ ಪೀರು ಎದ್ದು ನಿಂತಿತ್ತು.

ನಾನು ಹಿಂದೆಮುಂದೆ ನೋಡದೆ ಫೋನು ತೆಗೆದೆ. "ಖಾಸಿಂ ಸಾಬ್ರೆ, ಈಗಲೇ ಊರಿಗೆ ಹೋಗಿ. ಅವರು ಹಾಳು ಮಾಡಿಲ್ಲ, ಉಳಿಸಿದ್ದಾರೆ ಅಂತ ಹೇಳಿ. ಎಣ್ಣೆ ಉಳಿಸಿದೆ ಅನ್ನಿ, ಅವರೇ ಬಿಟ್ಟ ಎಣ್ಣೆ" ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಆ ಕಡೆಯಿಂದ ಗ್ಯಾರೇಜಿನ ಸುತ್ತಿಗೆಯ ಸದ್ದು ಕೇಳುತ್ತಿತ್ತು.

"ಸಾರ್, ಉಸೇನವ್ವ ನಿನ್ನೆ ಹೋದ್ರು. ಮಣ್ಣು ಮಾಡಿ ಈಗ ಬಂದೆ."

ನನಗೆ ಅಳು ಬಂತು. ಪಕ್ಕದ ಮೇಜಿನ ಸಹೋದ್ಯೋಗಿಗಳು ನೋಡುತ್ತಿದ್ದರು. ನೋಡಿದರೆ ನೋಡಲಿ ಎಂದು ಅತ್ತೆ.

ಪಾರಸಿ ಬಲ್ಲ ವಿದ್ವಾಂಸರು ಬಂದು ಆ ಎರಡು ಸಾಲು ಓದಿದರು. ಒಂದು ಪ್ರಾರ್ಥನೆ, ಒಬ್ಬ ಸುಲ್ತಾನನ ಬಿರುದು. ಅವರ ಸಂತೋಷಕ್ಕೆ ಪಾರವಿರಲಿಲ್ಲ. ಪತ್ರಿಕೆಯಲ್ಲಿ ಸುದ್ದಿಯೂ ಬಂತು, ಸುಲ್ತಾನನ ಕಲಾಪ್ರೇಮದ ಬಗ್ಗೆ, ಧರ್ಮಗಳ ಸಾಮರಸ್ಯದ ಬಗ್ಗೆ. ಎಣ್ಣೆಯ ಮಾತನ್ನು ನಾನು ಒತ್ತಿ ಹೇಳಿದ್ದೆ. ಅಚ್ಚಾದಾಗ ಅದು ಇರಲಿಲ್ಲ.

ಸೀಳಿಗೆ ಒಳಗಿನಿಂದ ಆಸರೆ ಕೊಟ್ಟು, ಅದೇ ರೇಷ್ಮೆಯನ್ನು ಮತ್ತೆ ಸುತ್ತಿ, ಹಬ್ಬದ ಹೊತ್ತಿಗೆ ಪೀರನ್ನು ನಾನೇ ಊರಿಗೆ ಒಯ್ದೆ. ಇನ್ನು ಮೇಲೆ ಹುಳಿ ಉಪ್ಪು ಮುಟ್ಟಿಸಬೇಡಿ, ಒಣ ಬಟ್ಟೆಯಲ್ಲಿ ಒರೆಸಿ, ಕತ್ತಿಗೆ ಮಾತ್ರ ಎಂದಿನಂತೆ ಎಣ್ಣೆ ಬಿಡಿ ಎಂದು ಹಿರಿಯರಿಗೆ ತಿಳಿಸಿಕೊಟ್ಟೆ. ಉಸೇನಮ್ಮನನ್ನು ಮಣ್ಣು ಮಾಡಿದಲ್ಲಿಗೆ ಹೋಗಿ, ಫೋನಿನಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಮಣ್ಣಿಗೆ ಹೇಳಿ ಏನು ಪ್ರಯೋಜನ? ಆದರೂ ಹೇಳದೆ ಬರಲು ಆಗಲಿಲ್ಲ.

ಕೆಲಸ ನನಗೆ ಕಲಿಸಿದ ಪಾಠ ಇಷ್ಟೇ. ವಸ್ತು ಯಾವುದರಿಂದ ಹಾಳಾಯಿತು ಎಂದು ನಾವು ಬಲುಬೇಗ ಕಂಡುಹಿಡಿಯುತ್ತೇವೆ. ಯಾವುದರಿಂದ ಇಷ್ಟು ದಿನ ಉಳಿಯಿತು ಎಂದು ತಿಳಿಯಲು ಹೆಚ್ಚು ಸಮಯ ಬೇಕು. ಮನುಷ್ಯರ ಹತ್ತಿರ ಅಷ್ಟು ಸಮಯ ಇರುವುದಿಲ್ಲ.

ಆ ಸಂಜೆ ಗುಡಿಯಲ್ಲಿ ಊದಿನ ಹೊಗೆ ತುಂಬಿತ್ತು. ಖಾಸಿಂ ಸಾಬರು ಫಾತೆಹಾ ಮುಗಿಸಿ, ಪಂಜವನ್ನು ಎರಡೂ ಕೈಯಲ್ಲಿ ಹಿಡಿದು, ಪ್ರತಿವರ್ಷದ ರೂಢಿಯಂತೆ ಬಾಗಿಲ ಕಡೆ ತಿರುಗಿ ಕೂಗಿದರು: "ಉಸೇನವ್ವಾ, ಎಣ್ಣೆ ತಾರವ್ವಾ!"

ಕೂಗಿದ ಮೇಲೆ ಅವರಿಗೆ ನೆನಪಾಯಿತು. ಹಲಗೆ ಬಡಿಯುವವರು ಕೈ ನಿಲ್ಲಿಸಿದರು. ಇಡೀ ಊರು ಬಾಗಿಲನ್ನೇ ನೋಡುತ್ತ ನಿಂತಿತ್ತು.