ಎಡಗಾಲಿನ ರಜೆ

ಬೆಳಕು ಹರಿಯುವ ಮೊದಲು ಮುಗಿಯಬೇಕಾದ ಕೆಲಸಗಳು ಇವು: ಒಲೆ ಹಚ್ಚಿ ಅತ್ತೆಗೆ ಬಿಸಿನೀರು, ಅದು ಕಾಯುವಷ್ಟರಲ್ಲಿ ತರಕಾರಿ ಹೆಚ್ಚುವುದು. ಗಂಡನ ಬೆನ್ನಿಗೆ ಎಣ್ಣೆ ತಿಕ್ಕುವುದು, ಅವನು ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋಗುವಂತೆ ಮೆಲ್ಲಗೆ. ರಾತ್ರಿಯ ಪಾತ್ರೆಗಳನ್ನು ಸದ್ದಾಗದಂತೆ ತೊಳೆಯುವುದು. ಸದ್ದಾದರೆ ಅತ್ತೆ ಏಳುತ್ತಾರೆ, ಅತ್ತೆ ಎದ್ದರೆ ಚಹಾ ಎರಡು ಸಲ ಆಗುತ್ತದೆ. ತನ್ನ ಡಬ್ಬಿ ತುಂಬಿ, ಮನೆಯಲ್ಲಿರುವ ಇಬ್ಬರ ಮಧ್ಯಾಹ್ನದ ಊಟವನ್ನು ಮೇಜಿನ ಮೇಲೆ ಕಣ್ಣಿಗೆ ಬೀಳುವ ಹಾಗೆ ಇಡುವುದು. ಮುಚ್ಚಳದ ಕೆಳಗಿದ್ದದ್ದು ಗಂಡನ ಪಾಲಿಗೆ ಇಲ್ಲವೆಂದೇ ಲೆಕ್ಕ. ಮಾತ್ರೆಗಳನ್ನು ಬಟ್ಟಲಿಗೆ ಹಾಕುವುದು, ಕಸ ಹೊರಗಿಡುವುದು, ಒಣಗಿದ್ದನ್ನು ಮಡಚುವುದು. ಹೊತ್ತು ಉಳಿದರೆ, ಬಿಸಿನೀರಿನಲ್ಲಿ ಬಟ್ಟೆ ಅದ್ದಿ ತನ್ನ ಎಡಮಂಡಿಗೆ ಶಾಖ. ಹೊತ್ತು ಸಾಮಾನ್ಯವಾಗಿ ಉಳಿಯುತ್ತಿರಲಿಲ್ಲ.

ಇಷ್ಟಾದ ಮೇಲೆ ಅವಳ ಕೆಲಸ ಶುರುವಾಗುತ್ತಿತ್ತು. ಅಂದರೆ, ಸಂಬಳ ಬರುವ ಕೆಲಸ.

ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳ ಬಳಿಗೆ ರಿಪೇರಿಯವರನ್ನು ಬೆಳಗ್ಗೆ ಹತ್ತಿಸಿ ಸಂಜೆ ಇಳಿಸುವ ಗಾಡಿಗೆ ಅವಳು ಡ್ರೈವರ್. ಕಂಪನಿಯಲ್ಲಿ ಎಲ್ಲರ ಬಾಯಲ್ಲೂ ಡ್ರೈವರಕ್ಕ. ಮೊದಲು ಆ ಸೀಟು ಅವಳ ಗಂಡನದಾಗಿತ್ತು. ಮದುವೆಯಾದ ಹೊಸದರಲ್ಲಿ ಅವನೇ ಅವಳಿಗೆ ಗಾಡಿ ಓಡಿಸಲು ಕಲಿಸಿದ್ದ, ಪ್ರೀತಿಯಿಂದೇನೂ ಅಲ್ಲ, ದೂರದ ಪ್ರಯಾಣದಲ್ಲಿ ಹಿಂದೆ ಮಲಗಿ ನಿದ್ದೆ ಮಾಡಬಹುದೆಂದು. ಆಮೇಲೆ ಅವನ ಬೆನ್ನು ಕೈಕೊಟ್ಟಿತು. ಅವಳು ಸೀಟಿಗೆ ಏರಿದಳು, ಅವನು ಕುರ್ಚಿಗೆ ಇಳಿದ. ಬೆನ್ನಿನ ಜೊತೆಗೆ ಅವನ ಎರಡೂ ಕೈಗಳು ಯಾಕೆ ನಿವೃತ್ತಿಯಾದವು ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ.

ನೆತ್ತಿಗೆ ಹೋಗುವ ದಾರಿಯನ್ನು ರಸ್ತೆ ಎಂದು ಕರೆಯುವುದು ಮರ್ಯಾದೆಗೆ. ಉರುಳುಕಲ್ಲು, ಕೊರಕಲು, ಗಾಡಿ ಒಂದೇ ಏಟಿಗೆ ತಿರುಗದ ತಿರುವುಗಳು. ಹಳೆಯ ಗಾಡಿಯ ಕ್ಲಚ್ಚು ಹಟಮಾರಿ, ಮೈಭಾರವನ್ನೆಲ್ಲ ಹಾಕಿ ಒತ್ತಿದರೆ ಮಾತ್ರ ಬಗ್ಗುವಂಥದ್ದು. ಕಲ್ಲಿನ ಮೇಲೆ ಚಕ್ರ ಹತ್ತಿಸುವಾಗ ಅದನ್ನು ಅರ್ಧಕ್ಕೆ ಹಿಡಿದು, ಬಿಟ್ಟೂ ಬಿಡದ ಹಾಗೆ ಕಾಲನ್ನು ಗಾಳಿಯಲ್ಲಿ ನಿಲ್ಲಿಸಿಕೊಂಡಿರಬೇಕು. ವರ್ಷಗಟ್ಟಲೆ ಹಾಗೆ ನಿಂತು ಎಡಮಂಡಿ ಊದಿಕೊಂಡಿತು.

ಆದರೆ ಆ ಮಂಡಿಯಿಂದ ಅವಳಿಗೆ ಒಂದು ಉಪಕಾರವಾಗಿತ್ತು. ಹಿಂದಿನ ಬೀದಿಯ ಒಬ್ಬ ಹೆಂಗಸು, ಚೂಟಿ ಎಂದು ಎಲ್ಲರೂ ಕರೆಯುವವಳು, ಮನೆಗೆ ಬಂದು ಬೀದಿಯ ನಲ್ಲಿಯಿಂದ ಮಹಡಿಗೆ ನೀರು ಹೊತ್ತು, ಬಟ್ಟೆ ಒಗೆದು ಹೋಗುತ್ತಿದ್ದಳು. ಇದಕ್ಕೆ ಗಂಡ ಒಪ್ಪಿದ್ದು ಮಂಡಿಯಿಂದಾಗಿಯೇ. ಬಟ್ಟೆಯ ಟಬ್ಬಿನ ಮುಂದೆ ಬಗ್ಗಿ ಬಗ್ಗಿ ಸೊಂಟ ಹಿಡಿದಾಗ ಅವನು, "ಎಲ್ಲರಿಗೂ ಬರತ್ತೆ," ಎಂದಿದ್ದ. ಒಲೆಯ ಮುಂದೆ ತಲೆ ಸುತ್ತಿದಾಗ, "ಸರಿಯಾಗಿ ತಿನ್ನು," ಎಂದಿದ್ದ. ಕ್ಲಚ್ಚಿನಿಂದ ಮಂಡಿ ಹೋಯಿತು ಎಂದಾಗ ಮಾತ್ರ ಟಿವಿಯ ಸದ್ದು ತಗ್ಗಿಸಿ ಅವಳ ಕಾಲನ್ನು ನೋಡಿದ. ಅದು ಡ್ರೈವರ್ ನೋವು, ಅವನಿಗೂ ಬಂದಿದ್ದ ನೋವು. ಗಂಡಸರಿಗೆ ಬರುವ ನೋವಾದ್ದರಿಂದ ಅದಕ್ಕೆ ಆ ಮನೆಯಲ್ಲಿ ಬೆಲೆಯಿತ್ತು. ಅವಳ ದೇಹದಲ್ಲಿ ರಜೆ ಮಂಜೂರು ಮಾಡಿಸಿಕೊಡಬಲ್ಲ ಅಂಗ ಆ ಮಂಡಿ ಒಂದೇ.

ಹಾಗಿರುವಾಗ ಕಂಪನಿಗೆ ಹೊಸ ಗಾಡಿ ಬಂತು. ನಾಲ್ಕೂ ಚಕ್ರಕ್ಕೆ ಬಲ, ಎತ್ತರದ ಮೈ, ಮತ್ತು ಕ್ಲಚ್ಚಿಲ್ಲ. ಗೇರುಗಳು ತಾವಾಗಿಯೇ ಬದಲಾಗುತ್ತವೆ. ಮೊದಲ ಸಲ ಒಳಗೆ ಬಗ್ಗಿ ನೋಡಿದಾಗ ಅವಳಿಗೆ ಕೆಳಗೆ ಏನೋ ಬಿದ್ದುಹೋದಂತೆ ಅನಿಸಿತು. ಮೂರು ಪೆಡಲ್ ಇರಬೇಕಾದಲ್ಲಿ ಎರಡೇ ಇದ್ದವು.

ಕಲಿಸಲು ಬಂದವನು ದಪ್ಪ ಕನ್ನಡಕದ, ನಿಧಾನಸ್ಥ ಮನುಷ್ಯ. ಪಕ್ಕದಲ್ಲಿ ಕೂತು ಎಲ್ಲ ವಿವರಿಸಿದ. ಹತ್ತುವಾಗ ಆಕ್ಸಿಲರೇಟರ್ ಮೇಲೆ ಸಣ್ಣಗೆ ಕಾಲಿಟ್ಟರೆ ಸಾಕು, ಯಾವ ಗೇರು ಬೇಕೆಂದು ಗಾಡಿಯೇ ನೋಡಿಕೊಳ್ಳುತ್ತದೆ. ಇಳಿಯುವಾಗ ಮಾತ್ರ ಅದರ ಬುದ್ಧಿಗೆ ಬಿಡಬಾರದು, ಲಿವರನ್ನು ಪಕ್ಕಕ್ಕೆ ಎಳೆದು ಒಂದನೇ ಗೇರಿನಲ್ಲಿ ಕಟ್ಟಿಹಾಕಬೇಕು, ಇಲ್ಲದಿದ್ದರೆ ಬ್ರೇಕು ಕಾದುಹೋಗುತ್ತದೆ. ಅವಳಿಗೆ ಎಲ್ಲ ಅರ್ಥವಾಯಿತು. ಅರ್ಥವಾಗದ್ದು ಎಡಗಾಲಿಗೆ. ಹೊರಟು ಸ್ವಲ್ಪ ದೂರ ಹೋದದ್ದೇ, ವೇಗ ತಗ್ಗಿಸಲೆಂದು ಆ ಕಾಲು ಎಂದಿನ ಕ್ಲಚ್ಚನ್ನು ಹುಡುಕಿ, ಮೈಭಾರವನ್ನೆಲ್ಲ ಹಾಕಿ ಒತ್ತಿತು. ಅಲ್ಲಿದ್ದದ್ದು ಅಗಲವಾದ ಬ್ರೇಕು. ಗಾಡಿ ಗೋಡೆಗೆ ಗುದ್ದಿದಂತೆ ನಿಂತಿತು. ಹಿಂದೆ ಕೂತಿದ್ದ ರಿಪೇರಿಯವರು ಒಬ್ಬರ ಮೇಲೊಬ್ಬರು ಬಿದ್ದರು, ಯಾರದೋ ಡಬ್ಬಿ ಬಿಚ್ಚಿ ಸಾರು ಸೀಟಿಗೆ ಚೆಲ್ಲಿತು.

"ಅಕ್ಕಾ, ಮನೇಲಿ ಯಾರ ಮೇಲಿನ ಸಿಟ್ಟಿದು?" ಎಂದು ಅವರಲ್ಲಿ ಒಬ್ಬ ಕೂಗಿದ.

"ಒಬ್ಬರ ಮೇಲೆ ಆಗಿದ್ರೆ ಹೇಳಬಹುದಿತ್ತಪ್ಪ," ಎಂದಳು. ಎಲ್ಲರೂ ನಕ್ಕರು.

ಕನ್ನಡಕದವನು ನಗಲಿಲ್ಲ. "ಆ ಕಾಲಿಗೆ ಇಲ್ಲಿ ಕೆಲಸ ಇಲ್ಲಮ್ಮ. ಪಕ್ಕಕ್ಕೆ ಎಳ್ಕೊಳ್ಳಿ."

"ಏನ್ ಮಾಡಿಸ್ಲಿ ಸಾರ್ ಅದರ ಕೈಲಿ?"

"ಏನೂ ಬೇಡ. ಸುಮ್ನೆ ಇರ್ಲಿ."

"ಸುಮ್ನೆ ಅಂದ್ರೆ?"

ಅವನು ಕನ್ನಡಕ ತೆಗೆದು ಒರೆಸಿಕೊಂಡ. ಅಷ್ಟು ಜನಕ್ಕೆ ಗಾಡಿ ಕಲಿಸಿದ್ದವನಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಸುಮ್ಮನಿರುವುದನ್ನು ಕಲಿಯಲು ಆ ಕಾಲು ಬಹಳ ಕಷ್ಟಪಟ್ಟಿತು. ಪ್ರತಿ ತಿರುವಿನಲ್ಲೂ ಎದ್ದು ನಿಲ್ಲಲು ನೋಡುತ್ತಿತ್ತು, ಯಾರೋ ಕರೆದರೆಂದು ಅಡುಗೆಮನೆಯಿಂದ ಓಡಿಬರುವವಳ ಹಾಗೆ. ಅವಳು ಹಿಮ್ಮಡಿಯನ್ನು ಸೀಟಿನ ಬುಡಕ್ಕೆ ಒತ್ತಿ ಹಿಡಿದು ಅದನ್ನು ಗದರಿಸಿದಳು. ವಾರ ಕಳೆಯುವಷ್ಟರಲ್ಲಿ ಕಾಲು ಮಾತು ಕೇಳಿತು. ಗಾಡಿ ಕಲ್ಲುಗಳ ಮೇಲೆ ತೆವಳುತ್ತ ಹತ್ತುವಾಗ, ಮುಂದಿನ ಪರದೆಯ ಮೇಲೆ ಗೇರಿನ ಅಂಕೆ ತಾನಾಗಿ ಬದಲಾಗುವುದನ್ನು ನೋಡುತ್ತಿದ್ದಳು. ಒಂದು ಸಂಜೆ ಮನೆಗೆ ಬಂದು ಲಂಗದ ಅಂಚು ಎತ್ತಿ ನೋಡಿದರೆ ಎರಡೂ ಮಂಡಿ ಒಂದೇ ಅಳತೆ. ಅವಳು ಅದನ್ನು ಸ್ವಲ್ಪ ಹೊತ್ತು ನೋಡುತ್ತ ಕೂತಳು, ಕಳೆದುಹೋದ ವಸ್ತು ಸಿಕ್ಕಿತೆಂದು ಯಾರಿಗೂ ಹೇಳದವಳಂತೆ.

ಆದರೆ ಆ ಮನೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಗಂಡನ ಹಳೆಯ ಗೆಳೆಯರು ಹೊಸ ಗಾಡಿಯ ವಿಷಯ ಫೋನಿನಲ್ಲಿ ಆಗಲೇ ಹೇಳಿದ್ದರು.

"ಗೇರೇ ಹಾಕೋದಿಲ್ಲ ಅಂದ್ಮೇಲೆ ಅದೇನು ಡ್ರೈವಿಂಗೇ?" ಎಂದ ಅವನು ಊಟಕ್ಕೆ ಕೂತು. "ತೊಟ್ಟಿಲು ತೂಗಿದ ಹಾಗೆ."

"ತೊಟ್ಟಿಲು ನೀವ್ಯಾವಾಗ ತೂಗಿದ್ರಿ?"

ಅತ್ತೆ ಕಿಸಕ್ಕನೆ ನಕ್ಕರು. "ಈಗ ಹಾಸ್ಟೆಲಲ್ಲಿರೋ ಮಗ ಆಗ ತೊಟ್ಟಿಲಲ್ಲಿ ಅತ್ರೆ ಇವನು ಬೀದಿ ತುದೀಲಿರ್ತಿದ್ದ." ಆಮೇಲೆ ಸೊಸೆಯ ಕಡೆ ತಿರುಗಿದರು. "ಅದಿರ್ಲಿ, ನೀನು ಈಗ ಮೆಟ್ಟಿಲು ಹತ್ತುವಾಗ ಕಾಲು ಎಳೆಯೋದಿಲ್ಲ ಕಣೇ. ಸದ್ದು ಕೇಳಿದ್ರೇ ಗೊತ್ತಾಗತ್ತೆ."

"ಹೌದತ್ತೆ, ನೋವು ಕಮ್ಮಿಯಾಗಿದೆ." ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

ಮಾರನೆಯ ಸಂಜೆ ಬಂದಾಗ ಬಚ್ಚಲಲ್ಲಿ ಟಬ್ಬು ತುಂಬ ನೆನೆದ ಬಟ್ಟೆ. ಹಾಸಿಗೆಯ ಹೊದಿಕೆಗಳೂ ಸೇರಿದ್ದವು.

"ಚೂಟಿ ಬರ್ಲಿಲ್ವಾ?"

"ಬೇಡ ಅಂದೆ," ಎಂದ ಗಂಡ, ಟಿವಿಯಿಂದ ಕಣ್ಣು ಕೀಳದೆ. "ಕಾಲು ಸರಿಹೋಯ್ತಲ್ಲ. ಗಾಡಿ ತಾನೇ ಓಡತ್ತೆ, ನೀನು ಕೂತಿರ್ತೀಯ. ದಿನವೆಲ್ಲ ಕೂತು ಬಂದ್ಮೇಲೆ ಮೈಗೂ ಸ್ವಲ್ಪ ಕೆಲಸ ಬೇಕಲ್ವಾ?"

ಅವಳು ಅತ್ತೆಯನ್ನು ನೋಡಿದಳು. ಅತ್ತೆ ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು. ಸೋಪಿನ ನೀರಿಗೆ ಸವೆದು ಗಿಣ್ಣು ದಪ್ಪವಾದ ಬೆರಳುಗಳು. "ನಂಗೆ ಯಾವತ್ತೂ ಯಾರೂ ಇರ್ಲಿಲ್ಲಮ್ಮ," ಎಂದರು. ಬೈದ ಹಾಗೂ ಇರಲಿಲ್ಲ, ಮರುಕಪಟ್ಟ ಹಾಗೂ ಇರಲಿಲ್ಲ.

ಜಗಳಕ್ಕೆ ಶಕ್ತಿ ಬೇಕು. ಬಟ್ಟೆ ಒಗೆಯುವುದಕ್ಕೂ ಬೇಕು, ಆದರೆ ಅದು ರೂಢಿಯಲ್ಲಿ ನಡೆದುಹೋಗುತ್ತದೆ. ಅವಳು ಒಗೆದಳು. ಮರುದಿನ ಬೆಳಕು ಹರಿಯುವ ಮೊದಲಿನ ಕೆಲಸಗಳಿಗೆ ನೀರು ಹೊರುವುದೂ ಸೇರಿತು. ಗಾಡಿ ಅವಳಿಗೆ ಕೊಟ್ಟದ್ದನ್ನೆಲ್ಲ ಮನೆ ಹೀಗೆ ಸದ್ದಿಲ್ಲದೆ ವಾಪಸು ತೆಗೆದುಕೊಂಡಿತು. ಹತ್ತು ಹದಿನೈದು ದಿನಗಳಲ್ಲಿ ಅವಳಿಗೆ ನೋವು ಎಲ್ಲಿದೆ ಎಂದು ತೋರಿಸಲು ಒಂದು ಜಾಗವೂ ಉಳಿಯಲಿಲ್ಲ. ಭುಜ, ಸೊಂಟ, ಮಣಿಕಟ್ಟು, ಕಣ್ಣಿನ ಹಿಂದೆ, ಎಲ್ಲ ಕಡೆ ಒಂದಿಷ್ಟು.

ಒಂದು ಮಧ್ಯಾಹ್ನ ರಿಪೇರಿಯವರು ಗಾಳಿಯಂತ್ರದ ಕಂಬದ ಒಳಗೆ ಹತ್ತಿ ಹೋಗಿದ್ದರು. ನೆತ್ತಿಯ ಮೇಲೆ ಗಾಡಿ, ಗಾಳಿ ಮತ್ತು ಅವಳು. ಬಾಗಿಲು ತೆರೆದಿಟ್ಟು, ತಲೆಯನ್ನು ಸ್ಟೀರಿಂಗಿಗೆ ಆನಿಸಿದ್ದಳು. ಆಗ ಸೂಪರ್‌ವೈಸರ್ ಫೋನ್ ಮಾಡಿದ.

"ಅಕ್ಕಾ, ನಿಮ್ಮ ಹಳೇ ಗಾಡಿ ಓಡಿಸ್ತಿರೋ ನಮ್ಮ ದಪ್ಪಣ್ಣ ಇದ್ದಾನಲ್ಲ, ಸೊಂಟ ನೋವು ಅಂತ ಪ್ರಾಣ ತಿಂತಿದ್ದಾನೆ. ಆಟೋಮ್ಯಾಟಿಕ್ ಹೆಂಗಸರ ಗಾಡಿ ಅಂತ ನಗ್ತಿದ್ದೋನಿಗೇ ಈಗ ಅದೇ ಬೇಕಂತೆ. ನೀವು ಹೂಂ ಅಂದ್ರೆ ಅದಲುಬದಲು ಮಾಡ್ತೀನಿ. ಬಲವಂತ ಇಲ್ಲ. ಕೆಳಗಿಳಿಯೋಕೆ ಮುಂಚೆ ಹೇಳಿಬಿಡಿ."

ಫೋನು ಇಟ್ಟ ಮೇಲೆ ಅವಳು ತಲೆಯೆತ್ತಿ ಕೂತಳು. ಲೆಕ್ಕ ಸುಲಭವಾಗಿತ್ತು. ಹಳೆಯ ಗಾಡಿ ಬಂದರೆ ಕ್ಲಚ್ಚು ಬರುತ್ತದೆ, ಕ್ಲಚ್ಚು ಬಂದರೆ ಮಂಡಿ ಊದುತ್ತದೆ, ಮಂಡಿ ಊದಿದರೆ ಯಾರೂ ಕೇಳದೆ ಚೂಟಿ ಬರುತ್ತಾಳೆ. ಮನೆಯಲ್ಲಿ ಒಂದು ಮಾತು ಎತ್ತಬೇಕಾಗಿಲ್ಲ, ಮೆಟ್ಟಿಲ ಮೇಲೆ ಕಾಲು ಎಳೆದರೆ ಸಾಕು. ಇದು ಬುದ್ಧಿವಂತಿಕೆಯ ಮಾತೇ ಎಂದು ಒಂದು ಗಳಿಗೆ ನಿಜವಾಗಿ ಅನಿಸಿತು. ಆಮೇಲೆ, ಸ್ವಲ್ಪ ಬಿಡುವಿಗೋಸ್ಕರ ಮೊದಲು ಕಾಲು ಮುರಿಸಿಕೊಂಡು ಬರಲು ಹೊರಟಿದ್ದೇನಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು.

ಸೂಪರ್‌ವೈಸರಿಗೆ ತಾನೇ ಫೋನ್ ಮಾಡಿದಳು. "ಗಾಡಿ ನನ್ನ ಹತ್ರಾನೇ ಇರ್ಲಿ ಸಾರ್. ದಪ್ಪಣ್ಣನಿಗೆ ಇನ್ನೊಂದು ತರಿಸಿಕೊಡಿ." ಅವನು, "ಆಯ್ತಕ್ಕ," ಎಂದ. ಅಷ್ಟು ಸುಲಭಕ್ಕೆ ಆಗುತ್ತದೆಂದು ಅವಳು ಅಂದುಕೊಂಡಿರಲಿಲ್ಲ.

ಎರಡನೆಯ ಫೋನಿಗೆ ಹೆಚ್ಚು ಹೊತ್ತು ಹಿಡಿಯಿತು. ಹೆಸರು ಹುಡುಕಿ, ಒತ್ತದೆ, ಪರದೆ ಕಪ್ಪಾಗಿ, ಮತ್ತೆ ಹುಡುಕಿದಳು.

"ಅಕ್ಕಾ!" ಎಂದಳು ಚೂಟಿ. "ನಾನೇನು ತಪ್ಪು ಮಾಡ್ದೆ ಅಂತ ಬೇಡ ಅಂದ್ರಿ?"

"ನೀನೇನೂ ಮಾಡಿಲ್ಲ. ನಾಳೆಯಿಂದ ಮೊದಲಿನ ಹಾಗೆ ಬಾ."

"ಅಯ್ಯೋ, ಕಾಲು ಮತ್ತೆ ಶುರುವಾಯ್ತಾ?"

ಹೂಂ ಎನ್ನುವುದು ಎಷ್ಟು ಹಗುರವಾಗಿತ್ತು. ಆ ಒಂದು ಅಕ್ಷರ ಚೂಟಿಯ ಬಾಯಿಂದ ಬೀದಿಗೆ, ಬೀದಿಯಿಂದ ಗಂಡನ ಕಿವಿಗೆ ತಾನಾಗಿ ತಲುಪುತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿದಳು.

"ಇಲ್ಲ ಕಣೇ. ಕಾಲು ಚೆನ್ನಾಗಿದೆ. ಆದ್ರೂ ಬಾ."

"ಮತ್ತೆ ಅಣ್ಣ ಯಾಕೆ ಬಂದೆ ಅಂತ ಕೇಳಿದ್ರೆ?"

"ನನಗೆ ಸುಸ್ತಾಗತ್ತೆ ಅಂತ ನಾನೇ ಇವತ್ತು ಹೇಳಿರ್ತೀನಿ. ನೀನು ನೀರು ಹೊತ್ತು, ಬಟ್ಟೆ ಒಗೆದು ಹೋಗು. ಕೇಳೋರು ನನ್ನನ್ನ ಕೇಳ್ಲಿ."

ಫೋನನ್ನು ಸೀಟಿನ ಮೇಲಿಟ್ಟಳು. ಇದೇ ಮಾತನ್ನು ಸಂಜೆ ಟಿವಿಯ ಸದ್ದಿನ ಮೇಲೆ ಇನ್ನೊಮ್ಮೆ ಹೇಳಬೇಕಿತ್ತು, ಬಹುಶಃ ನಾಳೆಯೂ, ನಾಡಿದ್ದೂ. ಎಲ್ಲಿಂದ ತರುವುದು ಅಷ್ಟು ಶಕ್ತಿಯನ್ನು ಎಂದು ಅವಳಿಗೆ ಗೊತ್ತಿರಲಿಲ್ಲ. ಕಂಬದ ಬಾಗಿಲು ತೆರೆದುಕೊಂಡು ರಿಪೇರಿಯವರು ಒಬ್ಬೊಬ್ಬರಾಗಿ ಹೊರಬಂದರು. ಎಲ್ಲರೂ ಹತ್ತಿದರೋ ಇಲ್ಲವೋ ಎಂದು ನೋಡಿಕೊಂಡು, ಲಿವರನ್ನು ಪಕ್ಕಕ್ಕೆ ಎಳೆದು ಒಂದನೇ ಗೇರಿನಲ್ಲಿ ನಿಲ್ಲಿಸಿ, ಅವಳು ಇಳಿಯತೊಡಗಿದಳು.