ವಿರೋಧಿಸುವವರು ಮೊದಲು

ನಿನ್ನೆ ಎಮಿರೇಟ್ಸ್ ಐಡಿ ಹುಡುಕುತ್ತ ಮೇಜಿನ ಖಾನೆಯನ್ನೆಲ್ಲ ತಲೆಕೆಳಗು ಮಾಡಿದಾಗ ಅಂಗೈ ಅಗಲದ ಒಂದು ಕೆಂಪು ರಟ್ಟಿನ ಕಾರ್ಡು ಕೈಗೆ ಸಿಕ್ಕಿತು. ಐಡಿ ಷರ್ಟಿನ ಜೇಬಿನಲ್ಲೇ ಇತ್ತು, ಆ ಮಾತು ಬಿಡಿ. ಕಾರ್ಡು ಕಂಡದ್ದೇ ತಡ, ವರ್ಷಗಳ ಹಿಂದೆ ಬೆಚ್ಚಿಬಿದ್ದ ಎದೆ ಇನ್ನೊಮ್ಮೆ ಧಸಕ್ಕೆಂದಿತು.

ನಾನು ದುಬೈಯ ಸಿಲಿಕಾನ್ ಓಯಸಿಸ್‌ನ ಒಂದು ಇಂಜಿನಿಯರಿಂಗ್ ಕಂಪನಿಯಲ್ಲಿ ಆಫೀಸು ನೋಡಿಕೊಳ್ಳುವವನು. ಇಂಜಿನಿಯರ್ ಅಲ್ಲ, ಇಂಜಿನಿಯರುಗಳಿಗೆ ಕುರ್ಚಿ, ಕಾಫಿ, ವೀಸಾ ಒದಗಿಸುವವನು. ಇದರ ಜೊತೆಗೆ ಕರಾಮದಲ್ಲಿರುವ ನಮ್ಮ ಕರಾವಳಿಯವರ ಸಂಘಕ್ಕೆ ಕಾರ್ಯದರ್ಶಿ. ಪ್ರತಿವರ್ಷ ಅವಿರೋಧವಾಗಿ ಆಯ್ಕೆಯಾದ ಕಾರ್ಯದರ್ಶಿ ಎಂದು ಹೇಳಿಕೊಳ್ಳಲು ನನಗೆ ಭಾರೀ ಹೆಮ್ಮೆಯಿತ್ತು.

ಆ ಅವಿರೋಧದ ಗುಟ್ಟು ನಿಮಗೆ ಹೇಳುತ್ತೇನೆ. ಸಭೆ ಎಂದರೆ ನಮ್ಮಲ್ಲಿ ಮದುವೆಯ ಹಾಗೆ. ಮಾತುಕತೆಯೆಲ್ಲ ಮೊದಲೇ ಮುಗಿದಿರಬೇಕು, ಆ ದಿನ ಬರೀ ಅಕ್ಷತೆ. ಸಂಘದ ಅಧ್ಯಕ್ಷರು ವಾಸಣ್ಣ. ಅವರ ಮನೆಯಲ್ಲಿ ಕೋರಿರೊಟ್ಟಿ ತಿನ್ನುವಾಗಲೇ ಹೆಸರುಗಳು ತೀರ್ಮಾನವಾಗುತ್ತಿದ್ದವು. ಸಭೆಯ ಹಿಂದಿನ ದಿನವೇ ನಾನು ಮಿನಿಟ್ಸ್ ಬರೆದಿಡುತ್ತಿದ್ದೆ. ‘ಸದಸ್ಯರ ಕರತಾಡನದ ನಡುವೆ ಅವಿರೋಧವಾಗಿ’ ಎಂದು ಇನ್ನೂ ತಟ್ಟದ ಚಪ್ಪಾಳೆಯನ್ನೂ ಸೇರಿಸಿ.

ಒಂದು ವರ್ಷ ಮಾತ್ರ ಈ ಕ್ರಮಕ್ಕೆ ಅಡ್ಡಿ ಬಂತು. ಜೆಸಿಂತಾ ಬಾಯಿ ಎಂಬ ನರ್ಸ್ ಕಾರ್ಯದರ್ಶಿ ಸ್ಥಾನಕ್ಕೆ ನಾಮಪತ್ರ ಕೊಟ್ಟುಬಿಟ್ಟರು. ನಾನೂ ವಾಸಣ್ಣನೂ ಹಣ್ಣಿನ ಬುಟ್ಟಿ ಹಿಡಿದು ಅವರ ಫ್ಲ್ಯಾಟಿಗೆ ಹೋದೆವು.

“ನೀವು ವರ್ಷವಿಡೀ ಪಿಕ್‌ನಿಕ್ ಮಾಡುದು, ರಾಜ್ಯೋತ್ಸವ ಮಾಡುದು. ಬೇಡ ಅಂತ ನಾನು ಹೇಳುದಿಲ್ಲ” ಎಂದರು ಅವರು. “ವೀಸಾ ಕ್ಯಾನ್ಸಲ್ ಆದ ಹುಡುಗಿಯರು ಯಾರ ಹತ್ರ ಹೋಗುದು? ವಾರಕ್ಕೊಮ್ಮೆ ಕೂತು ಅವರ ಕಷ್ಟ ಕೇಳ್ಲಿಕ್ಕೆ ಒಂದು ಜನ ಬೇಡವಾ?”

“ಬೇಕು ಬಾಯಿ, ಬೇಕು. ಆದ್ರೆ ಒಗ್ಗಟ್ಟು ಮುಖ್ಯ ಅಲ್ವಾ? ಪರದೇಶದಲ್ಲಿ ನಾವೇ ಜಗಳ ಮಾಡುದಾ?” ಎಂದರು ವಾಸಣ್ಣ.

ಬಾಯಿ ಹಣ್ಣಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ನಾಮಪತ್ರ ವಾಪಸು ತೆಗೆದುಕೊಳ್ಳಲು ಒಪ್ಪಿದರು. “ನಾಮಿನೇಷನ್ ಕೊಟ್ಟಿದ್ದೆ ಅಂತ ಮಿನಿಟ್ಸಲ್ಲಿ ಒಂದು ಗೆರೆ ಬರೀರಿ ಅಣ್ಣಾ, ಆಯ್ತಾ?” ಎಂದು ನನ್ನನ್ನು ಕೇಳಿದರು. ಬರೆಯುತ್ತೇನೆ ಎಂದೆ. ಬರೆದು ಮುಗಿಸಿದ ಮಿನಿಟ್ಸ್ ಆಗ ನನ್ನ ಚೀಲದಲ್ಲಿತ್ತು. ಆ ಒಂದು ಗೆರೆಗಾಗಿ ಪುಟ ಮತ್ತೆ ಬರೆಯುವ ಗೋಜಿಗೆ ನಾನು ಹೋಗಲಿಲ್ಲ. ಆಮೇಲೆ ಅವರು ಸಭೆಗೆ ಬರುವುದನ್ನೇ ಬಿಟ್ಟರು. ಡ್ಯೂಟಿ ಜಾಸ್ತಿಯಿರಬೇಕು ಎಂದುಕೊಂಡು ನಾನು ಹಾಯಾಗಿದ್ದೆ.

ಮರುವರ್ಷ ಯುರೋಪಿನ ಇಂಜಿನಿಯರುಗಳ ಒಂದು ಸಂಘ ತನ್ನ ಸಮ್ಮೇಳನವನ್ನು ಮೊದಲ ಬಾರಿಗೆ ಯುರೋಪಿನ ಹೊರಗೆ, ದುಬೈಯಲ್ಲಿ ನಡೆಸಿತು. ಸೇತುವೆ ಏಕೆ ನಡುಗುತ್ತದೆ, ಯಂತ್ರ ಏಕೆ ಅದುರುತ್ತದೆ ಎಂದು ಜೀವಮಾನವಿಡೀ ತಲೆ ಕೆಡಿಸಿಕೊಂಡವರು. ಸ್ಥಳೀಯ ವ್ಯವಸ್ಥೆ ನಮ್ಮ ಕಂಪನಿಯದು, ಅಂದರೆ ನನ್ನದು. ಕೊನೆಯ ದಿನದ ಮಹಾಸಭೆಯ ಮಿನಿಟ್ಸ್ ಕೂಡ ನನ್ನ ತಲೆಗೇ ಬಂತು. ನನಗೇನು ಹೊಸತೇ? ಹಿಂದಿನ ದಿನವೇ ಟೈಪು ಮಾಡಿಟ್ಟೆ. ಅಧ್ಯಕ್ಷರಿಗೆ ಒಂದೇ ಅವಧಿ ಎಂಬ ನಿಯಮ ತಿದ್ದಿ, ಈಗಿನವರನ್ನೇ ಮುಂದುವರಿಸುವ ಠರಾವು: ಅವಿರೋಧ, ಕರತಾಡನ. ಆ ಅಧ್ಯಕ್ಷರೋ, ಎಷ್ಟು ಒಳ್ಳೆಯ ಮನುಷ್ಯ! ನನ್ನ ಮಗಳ ಹೆಸರು ಕೂಡ ಕೇಳಿ ನೆನಪಿಟ್ಟುಕೊಂಡಿದ್ದರು.

ಸಭೆಯಲ್ಲಿ ಆ ಅಧ್ಯಕ್ಷರೇ ಎದ್ದು ನಿಂತು, “ವಿರೋಧಿಸುವವರು ಮೊದಲು” ಎಂದರು.

ಬೇಡ ಎನ್ನುವವರು ಎತ್ತಬೇಕಾದದ್ದು ಕೆಂಪು ಕಾರ್ಡು. ಮೊದಲು ಎದ್ದ ಕಾರ್ಡು, ಬೆಳಿಗ್ಗೆ ಅವರ ಪಕ್ಕದಲ್ಲೇ ಕೂತು ತಿಂಡಿ ತಿಂದ ಗೆಳೆಯನದು. ಆಮೇಲೆ ಸಾಲುಸಾಲಾಗಿ ಕೆಂಪು. ಮುಖಕ್ಕೆ ಮುಖ ಕೊಟ್ಟು ಹೀಗೂ ಮಾಡುವುದುಂಟೇ? ಇನ್ನು ಹೊಡೆದಾಟವೇ ಎಂದು ಬಾಗಿಲ ಕಡೆ ನೋಡಿದೆ. ಅಧ್ಯಕ್ಷರು ತಾವೇ ಕಾರ್ಡುಗಳನ್ನು ಎಣಿಸಿ, “ಠರಾವು ಬಿದ್ದಿದೆ, ಧನ್ಯವಾದ” ಎಂದರು. ಹತ್ತು ನಿಮಿಷದಲ್ಲಿ ಅದೇ ಗೆಳೆಯನ ಹಿಂದೆ ಕಾಫಿಗೆ ಸಾಲು ನಿಂತಿದ್ದರು.

ಆ ಗಾಬರಿಯಲ್ಲಿ ನಾನು ಮಾಡಿದ ಘನಕಾರ್ಯ ಕೇಳಿ. ಆ ಇಂಜಿನಿಯರುಗಳ ಸಂಘದ ಹಳೆಯ ಕಾರ್ಯದರ್ಶಿ ಎಲ್ಸಾ ಎಂಬ ವೃದ್ಧೆ ಮಿನಿಟ್ಸ್ ಕೇಳಿದಾಗ, ಟೈಪು ಮಾಡಿದ್ದನ್ನೇ ಕೊಟ್ಟುಬಿಟ್ಟೆ. ಅವರು ಓದಿ ಕನ್ನಡಕ ತೆಗೆದರು. ನಡೆಯುವ ಮೊದಲೇ ಬರೆದಿರಾ ಎಂದು ಕೇಳಿದರು. ನಮ್ಮ ಕಡೆ ಹಾಗೇ ಮೇಡಂ ಎಂದೆ. ಅವರು ನಗಲಿಲ್ಲ.

ನನ್ನನ್ನು ಕೂರಿಸಿಕೊಂಡು ತಮ್ಮ ಸಂಘದ ಕತೆ ಹೇಳಿದರು. ಮಹಾಯುದ್ಧ ಮುಗಿದ ಮೇಲೆ, ಒಬ್ಬರ ಮೇಲೊಬ್ಬರು ಬಾಂಬು ಹಾಕಿದ್ದ ದೇಶಗಳ ಕೆಲವರು ಒಂದು ಕಾಲೇಜಿನ ಊಟದ ಕೋಣೆಯಲ್ಲಿ ಸೇರಿ ಕಟ್ಟಿದ್ದಂತೆ. ಬೇಡ ಎಂದು ಕೈ ಎತ್ತಿದವರು ಮನೆಗೆ ಮರಳದ ಕಾಲವನ್ನು ಅವರೆಲ್ಲ ಕಂಡಿದ್ದರು. ಅದಕ್ಕೇ ಅವರು ಬರೆದ ಮೊದಲ ನಿಯಮ ಇದು: ಬೇಡ ಎನ್ನುವವರನ್ನು ಮೊದಲು ಕೇಳಬೇಕು, ಅವರ ಹೆಸರು ಬರೆದಿಡಬೇಕು.

“ನಿಮ್ಮ ಸಂಘದಲ್ಲಿ ಬೇಡ ಎಂದವರು ಎಲ್ಲಿಗೆ ಹೋಗುತ್ತಾರೆ?” ಎಂದು ಕೇಳಿ, ತಮ್ಮ ಕೆಂಪು ಕಾರ್ಡನ್ನು ನನ್ನ ಕೈಯಲ್ಲಿಟ್ಟು ಎದ್ದರು. ನನಗೆ ಜೆಸಿಂತಾ ಬಾಯಿಯ ಮುಖ ಕಣ್ಣಿಗೆ ಕಟ್ಟಿ ನಾಚಿಕೆಯಾಯಿತು. ಅಂದೇ ಫೋನು ಮಾಡಬೇಕೆಂದುಕೊಂಡೆ. ಮಾಡಲಿಲ್ಲ. ಕುರ್ಚಿ ಮೆತ್ತಗಿತ್ತು, ನೋಡಿ. ವರ್ಷಗಳೇ ಕಳೆದವು.

ಈ ಆದಿತ್ಯವಾರ ನಮ್ಮ ವಾರ್ಷಿಕ ಸಭೆ. ಮಿನಿಟ್ಸ್ ಆಯಿತಾ ಎಂದು ವಾಸಣ್ಣ ಇವತ್ತು ಬೆಳಿಗ್ಗೆ ಫೋನು ಮಾಡಿದರು. ಈ ಸಲ ಸಭೆ ಮುಗಿದ ಮೇಲೆ ಬರೆಯುತ್ತೇನೆ, ಚುನಾವಣೆಯಾಗಲಿ ಎಂದೆ. “ನಿನಗೆ ಹುಚ್ಚಾ ಮಾರಾಯಾ? ಖಲಾಸ್!” ಎಂದು ಫೋನು ಇಟ್ಟುಬಿಟ್ಟರು. ಆ ಕೂಡಲೇ ಜೆಸಿಂತಾ ಬಾಯಿಯ ನಂಬರು ಒತ್ತಿದೆ.

“ಎಂತ ಅಣ್ಣಾ, ಪಿಕ್‌ನಿಕ್ ಉಂಟಾ?”

“ಇಲ್ಲ ಬಾಯಿ. ಆ ವರ್ಷ ನಿಮ್ಮ ಹೆಸರು ನಾನು ಬರೀಲಿಲ್ಲ. ತಪ್ಪಾಯ್ತು. ಈ ಸಲ ನೀವು ಸೆಕ್ರೆಟರಿಗೆ ನಿಲ್ಲಬೇಕು. ನಾನೂ ನಿಲ್ತೇನೆ. ಜನ ಕೈ ಎತ್ತಲಿ.”

ಆ ಕಡೆ ಹಿಂದಿನಿಂದ ಯಾರೋ ಹುಡುಗಿ ಅಳುವುದು, ಬಾಯಿ ಅವಳಿಗೆ ಕೊಂಕಣಿಯಲ್ಲಿ ಏನೋ ಸಮಾಧಾನ ಹೇಳುವುದು ಕೇಳಿಸಿತು.

“ಯಾರದು ಬಾಯಿ?”

“ಅಲ್ ಕೂಜ್ ಏರಿಯಾದಿಂದ ಬಂದ ಹುಡುಗಿ. ವೀಸಾ ಕ್ಯಾನ್ಸಲ್. ವಾರಕ್ಕೆ ಇಬ್ಬರು ಮೂವರು ಬರ್ತಾರೆ, ಆಗಿನಿಂದಲೂ.” ಬೈಗುಳದ ದನಿಯೇನೂ ಅಲ್ಲ, ಮಾಮೂಲಿ ದನಿ. “ನಿಲ್ಲುವ ಅಣ್ಣಾ, ನಿಲ್ಲುವ. ಆದ್ರೆ ದುಬೈಯಲ್ಲಿ ನಮ್ಮದೊಂದು ಸಂಘ ಉಂಟು ಅಂತ ಈ ಮಕ್ಕಳಿಗೆ ಯಾರಿಗೂ ಗೊತ್ತೇ ಇಲ್ಲ.”